ಸ್ಪಾರ್ಕ್ ಪ್ಲಗ್ ಬದಲಿಸುವುದು ಯಾವಾಗ, ಹೇಗೆ?

ಆಗುಂಬೆ ಘಾಟಿ ಏರುವಾಗ ಪೆಟ್ರೋಲ್ ಕಾರು ಜಗ್ಗಿ ಜಗ್ಗಿ ಓಡಿದರೆ ಮೊದಲು ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಪರೀಕ್ಷಿಸುವುದು ಒಳಿತು. ಸಾಮಾನ್ಯ ನಿಕಲ್ ಪ್ಲಗ್‌ಗಳು ಸುಮಾರು 30,000ದಿಂದ 40,000 ಕಿ.ಮೀ., ಇರಿಡಿಯಂ ಪ್ಲಗ್‌ಗಳು ಸುಮಾರು 1,00,000 ಕಿ.ಮೀ. ಬಾಳುತ್ತವೆಯಾದರೂ, ಕಾರಿನ ಕೈಪಿಡಿ ಹೇಳುವ ಲೆಕ್ಕವನ್ನೇ ನಂಬಬೇಕು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್ ಕಳಚಿ, ಮಲೆನಾಡಿನ ಮಳೆಗಾಲದಲ್ಲಿ ಪ್ಲಗ್ಗಿನ ಕುಳಿಗೆ ಇಳಿದಿರಬಹುದಾದ ನೀರನ್ನೂ ಮಣ್ಣನ್ನೂ ಗಾಳಿ ಹೊಡೆದು ತೆಗೆಯಬೇಕು; ಇಲ್ಲವಾದರೆ ಪ್ಲಗ್ ಬಿಚ್ಚಿದೊಡನೆ ಆ ಕಸ ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಬಿಚ್ಚಿದ ಪ್ಲಗ್ಗಿನ ತುದಿ ತಿಳಿಗಂದು ಬಣ್ಣದಲ್ಲಿದ್ದರೆ ದಹನ ಸರಿಯಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರಬಹುದು, ಆಯಿಲ್ ಜಿಡ್ಡಿದ್ದರೆ ಮೆಕ್ಯಾನಿಕ್‌ಗೆ ತೋರಿಸಲೇಬೇಕು. ಹೊಸ ಪ್ಲಗ್ಗನ್ನು ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿಯನ್ನಷ್ಟೇ ಕೈಪಿಡಿಯ ಅಳತೆಯಂತೆ ಟಾರ್ಕ್ ವ್ರೆಂಚಿನಿಂದ (ಬಿಗಿಯನ್ನು ಅಳೆದು ಕೊಡುವ ಸ್ಪ್ಯಾನರ್) ಕೊಡಿ, ಏಕೆಂದರೆ ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗ) ಥ್ರೆಡ್ ಬಲವಂತವನ್ನು ತಾಳುವುದಿಲ್ಲ.