ಬೆಂಕಿಕಡ್ಡಿ ಸೇತುವೆಗಳು ಮತ್ತು ಫಿನ್ಲೆಂಡಿನ ಬಣ ಬದಲಾವಣೆ

"ಇದು ಯುದ್ಧವಾ, ಇಲ್ಲ ನೆಂಟರನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರೋದಾ ಮಾರಾಯ?" ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ಯುದ್ಧದ ಮೇಲೆ ನಾನು ಮಾಡಿದ ಬೋರ್ಡ್ ಆಟವನ್ನು ಮೊದಲ ಸಲ ಆಡಿದ ಗೆಳೆಯ ಹೀಗೆ ನಕ್ಕಿದ್ದ.

ಅವನ ಮಾತು ಸುಳ್ಳಲ್ಲ. 1944ರ ಸೆಪ್ಟೆಂಬರಿನಲ್ಲಿ ಫಿನ್ಲೆಂಡ್ ಸೋವಿಯತ್ ಜೊತೆ ಕದನವಿರಾಮ ಮಾಡಿಕೊಂಡಿತು. ಅದರ ಷರತ್ತಿನಂತೆ ಮೂರು ವರ್ಷ ಜೊತೆಗಿದ್ದ ಜರ್ಮನ್ನರನ್ನು ತಾನೇ ಹೊರಗಟ್ಟಬೇಕಾಯಿತು. ಉತ್ತರದಲ್ಲಿದ್ದವರು ಎರಡು ಲಕ್ಷಕ್ಕೂ ಜಾಸ್ತಿ. ಶುರುವಿನಲ್ಲಿ ಇಬ್ಬರಿಗೂ ಹೊಡೆದಾಡುವ ಮನಸ್ಸಿರಲಿಲ್ಲ. ಜರ್ಮನ್ನರು ಸೇತುವೆ ಉರುಳಿಸಿ ಸರಿಯುವುದು, ಫಿನ್ನರು ನಿಧಾನಕ್ಕೆ ಬೆನ್ನಿಗೆ ಬರುವುದು.

ಈ ಬಣ ಬದಲಾವಣೆಯನ್ನು ಆಟಕ್ಕೆ ತರಲು ಮೊದಲ ಸಲ ಸುಮ್ನೆ ಜರ್ಮನ್ ಕೌಂಟರ್ (ಸೈನ್ಯ ಸೂಚಿಸುವ ಬಿಲ್ಲೆ) ತಿರುಗಿಸಿ ಶತ್ರು ಮಾಡಿದೆ. ಎರಡೇ ಸುತ್ತಿಗೆ ರಕ್ತಪಾತ. ಸೆಪ್ಟೆಂಬರ್ 28ರಂದು ಪುದಾಸ್‌ಯಾರ್ವಿ ಊರಲ್ಲಿ ಇಬ್ಬರ ನಡುವೆ ನಡೆದ ಚಕಮಕಿವರೆಗೆ ದಾಳಿ ಬೇಡ ಅಂದರೆ ಎಲ್ಲರೂ ಆಕಳಿಸಿದರು. ಮ್ಯಾಪ್ ಮೂರು ಸಲ ಪ್ರಿಂಟ್, ನಾಲ್ಕು ಸಾವಿರದ ಹತ್ತಿರ ಹೋಯಿತು. ಹೊಳಪಿನ ಲ್ಯಾಮಿನೇಷನ್ ಮಾಡಿಸಿದ್ದೆ, ಟ್ಯೂಬ್‌ಲೈಟ್ ಬೆಳಕಿಗೆ ಮ್ಯಾಪಿನ ಆರು ಮೂಲೆಯ ಮನೆಗಳೇ ಕಾಣಲಿಲ್ಲ!

ಈ ಗಂಟು ಬಿಡಿಸಿದ್ದು ಮಾಸ್ಕೋ. ಸೋವಿಯತ್ತಿಗೆ ಫಿನ್ನರ ಮೇಲಿನ 'ಅನುಮಾನ' ಅಳೆಯಲು ಹತ್ತು ಮನೆಯ ಪಟ್ಟಿ ಇಟ್ಟೆ. ಕಾದಾಡದೆ ಕೂತರೆ ಏರುತ್ತದೆ, ಹತ್ತಾದರೆ ಫಿನ್ಲೆಂಡ್ ಸೋತಂತೆ. ಜೊತೆಗೆ ಡಿಸೆಂಬರ್ 5ರೊಳಗೆ ಫಿನ್ಲೆಂಡ್ ತನ್ನ ಸೈನಿಕರನ್ನು ಮನೆಗೆ ಕಳಿಸುವ ಷರತ್ತು. ಹಾಗಾಗಿ ಪ್ರತಿ ಸುತ್ತಿಗೆ ಫಿನ್ನರ ಕೌಂಟರ್ ತೆಗೆಯಬೇಕು. ಅಟ್ಟಿಸಿದರೂ ಕಷ್ಟ, ಅಟ್ಟಿಸದಿದ್ದರೂ ಕಷ್ಟ. ಫಿನ್ನರ ಜನರಲ್ ಸೀಲಾಸ್‌ವುಒ ಅಕ್ಟೋಬರ್ 1ರಂದು ಸ್ವೀಡನ್ ಗಡಿಯ ತೋರ್ನಿಯೋಗೆ ಸಮುದ್ರದಿಂದ ಪಡೆ ಇಳಿಸಿದ್ದು ಯಾಕೆ ಅನ್ನೋದು ಆಗ ಆಡುವವನಿಗೆ ತಾನಾಗೇ ಹೊಳೆಯುತ್ತದೆ. ನನ್ನ ಗೆಳೆಯ ಹೆದರಿ ಇಳಿಸಲಿಲ್ಲ, ಐದನೇ ಸುತ್ತಿಗೇ ಮುಗಿದ. ಯಾವ ದಾಳಿಗೆ ಎಷ್ಟು ಅನುಮಾನ ಇಳಿಯುತ್ತೆ ಅಂತ ಕೇಳಬೇಡಿ, ಆ ಪಟ್ಟಿಗೆ ಎಂಟು ತಿಂಗಳು ಹಿಡಿದಿದೆ.

ಸೇತುವೆಗಳಿಗೆ ಬೆಂಕಿಕಡ್ಡಿ. ಜರ್ಮನ್ ಆಟಗಾರ ಹಿಂದೆ ಸರಿದಾಗ ಕಡ್ಡಿಯನ್ನು ಚಟ್ ಅಂತ ಮುರಿಯಬೇಕು. ಫಿನ್ನರಿಗೆ ಅಲ್ಲಿ ಒಂದು ಸುತ್ತು ಹಾಳು. ದಾಳ ಉರುಳಿಸುವುದಕ್ಕಿಂತ ಈ ಮುರಿಯೋದಕ್ಕೇ ಜನ ಮುಗಿಬೀಳುತ್ತಾರೆ.

ಇದೇ ನಿಯಮ ರುಮೇನಿಯಾಕ್ಕೂ ಹಾಕಿ ನೋಡಿದೆ. ಅಲ್ಲಿ 1944ರ ಆಗಸ್ಟ್ 23ರಂದು ರಾಜನು ಸರ್ವಾಧಿಕಾರಿ ಆಂಟೊನೆಸ್ಕುವನ್ನು ಬಂಧಿಸಿದ, ಒಂದೇ ದಿನದಲ್ಲಿ ಬಣ ಬದಲು. ಅನುಮಾನಕ್ಕೆ ಪುರುಸೊತ್ತೆಲ್ಲಿ? ಆರುನೂರು ರೂಪಾಯಿ ದಂಡ.

ಕಳೆದ ಭಾನುವಾರ ಅದೇ ಗೆಳೆಯ ಜರ್ಮನ್ ಕಡೆ ಕೂತ. ಐದು ಗಂಟೆ ಎದ್ದೇಳಲಿಲ್ಲ. ಫಿನ್ಲೆಂಡಿನ ವಾಯವ್ಯ ತುದಿಯ ಕಿಲ್ಪಿಸ್‌ಯಾರ್ವಿಯಲ್ಲಿ 1945ರ ಏಪ್ರಿಲ್‌ವರೆಗೂ ಎರಡು ಕೌಂಟರ್ ಉಳಿಸಿಕೊಂಡಿದ್ದ. ಸಂಜೆ ಅಮ್ಮ ದೀಪ ಹಚ್ಚಲು ಬೆಂಕಿಪೊಟ್ಟಣ ತೆಗೆದರೆ ಒಳಗೆ ಬರೀ ಮುರಿದ ಕಡ್ಡಿ.