ಡೆಲ್ಲಾ ರೊಬ್ಬಿಯಾ ಬಿಳಿ ಕೊನೆಗೂ ಕೈಗೆ ಹತ್ತಿತು: ನನ್ನ ಅನುಭವ

ಫ್ಲಾರೆನ್ಸ್ ಪಕ್ಕದ ಇಂಪ್ರುನೇತಾದಲ್ಲಿ ನಾಲ್ಕೈದು ಜನ ಸೇರಿ ಬಾಡಿಗೆಗೆ ಹಿಡಿದ ಸ್ಟುಡಿಯೊದಲ್ಲಿ ನನ್ನ ಕೆಲಸ. ಸಂತ ಫ್ರಾನ್ಸಿಸ್‌ರ ಉಬ್ಬುಶಿಲ್ಪವೊಂದನ್ನು 15ನೇ ಶತಮಾನದ ಫ್ಲಾರೆನ್ಸಿನ ಶಿಲ್ಪಿಗಳಾದ ಡೆಲ್ಲಾ ರೊಬ್ಬಿಯಾ ಮನೆತನದ ವಿಧಾನದಲ್ಲೇ, ಅಂದರೆ ಸುಟ್ಟ ಮಣ್ಣಿಗೆ ಗ್ಲೇಜ್ ಎಂಬ ಗಾಜಿನಂಥ ಬಿಳಿ ಲೇಪ ಹಾಕಿ ಮಾಡುತ್ತೇನೆ ಎಂದಾಗ ಇಲ್ಲಿನ ಹಿರಿಯ ಕುಂಬಾರರೊಬ್ಬರು ತಲೆ ಅಲ್ಲಾಡಿಸಿದರು. ಆ ಗ್ಲೇಜಿನ ಗುಟ್ಟು ಅವರ ಜೊತೆಗೇ ಹೋಯಿತು, ಸುಮ್ನೆ ದುಡ್ಡು ಹಾಳು ಎಂದರು. ಈಗ ಶಿಲ್ಪ ಗೋಡೆ ಏರಿದೆ. ಬಿಳಿ ಬಿಳಿಯಾಗಿಯೇ ಇದೆ, ಒಂದು ಕೂದಲೆಳೆಯ ಬಿರುಕೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಗ್ಲೇಜಿನ ಹಿಂದೆ ಬೀಳುತ್ತಾರೆ. ಕಾರಣವೂ ಇದೆ. ಆ ಮನೆತನದ ಮೊದಲಿಗ ಲೂಕಾ ಡೆಲ್ಲಾ ರೊಬ್ಬಿಯಾ ತವರ, ಆಂಟಿಮನಿ ಎಲ್ಲ ಸೇರಿಸಿ ಹೊಸ ಗ್ಲೇಜ್ ಕಂಡುಹಿಡಿದ ಎಂದು ಕಲಾವಿದರ ಜೀವನಚರಿತ್ರೆ ಬರೆದ ವಸಾರಿ 16ನೇ ಶತಮಾನದಲ್ಲೇ ಬರೆದಿಟ್ಟ. ಅಲ್ಲಿಂದ ಇದು ಗ್ಲೇಜಿನ ಗುಟ್ಟು ಎಂದೇ ಹೆಸರಾಯಿತು. ನನ್ನ ಮಟ್ಟಿಗೆ ಅರ್ಧಕ್ಕಿಂತ ಜಾಸ್ತಿ ಗುಟ್ಟು ಮಣ್ಣಿನಲ್ಲಿದೆ. ಅವರು ಬಳಸಿದ್ದು ಸುಣ್ಣದಂಶ ಹೆಚ್ಚಿರುವ ಮಣ್ಣು. ಸುಟ್ಟಾಗ ಅದು ಕೆಂಪಾಗುವುದಿಲ್ಲ, ಮಸುಕು ಗುಲಾಬಿಗೋ ಕೆನೆಬಣ್ಣಕ್ಕೋ ತಿರುಗುತ್ತದೆ. ಸುಟ್ಟ ಮೇಲೆ ತಣ್ಣಗಾಗುವಾಗ ಸಾದಾ ಕೆಂಪು ಮಣ್ಣಿಗಿಂತ ಹೆಚ್ಚು ಕುಗ್ಗಿ ಗ್ಲೇಜನ್ನು ಬಿಗಿಯಾಗಿ ಅಮುಕಿ ಹಿಡಿಯುತ್ತದೆ.

ಮೊದಲು ಕೆಂಪು ಮಣ್ಣಿನಲ್ಲೇ ನೋಡಿದೆ. ಗೂಡಿನಿಂದ ತೆಗೆದ ದಿನ ಚಂದ ಕಂಡಿತು. ವಾರ ಕಳೆಯುವಷ್ಟರಲ್ಲಿ ಟಿಣ್ ಟಿಣ್ ಎಂದು ಸದ್ದು ಶುರುವಾಗಿ ಮುಖದ ತುಂಬ ಬಿರುಕಿನ ಬಲೆ ಬಿತ್ತು. ಅಂಚುಗಳಲ್ಲಿ ಕೆಂಪು ಇಣುಕುತ್ತಿತ್ತು. ಗ್ಲೇಜಿಗೆ ಬಿಳಿ ಕೊಡುವ ತವರ (ಟಿನ್ ಆಕ್ಸೈಡ್) ಜಾಸ್ತಿ ಮಾಡಿದರೆ ಗ್ಲೇಜ್ ಹರಿಯದೆ ಉಂಡೆಗಟ್ಟಿತು. ಟಿನ್ ಆಕ್ಸೈಡ್ ಕೆಜಿಗೆ ಐವತ್ತು ಯೂರೋ ದಾಟಿತ್ತು. ಆ ತಿಂಗಳುಗಳಲ್ಲಿ ಸುಮಾರು ಆರುನೂರು ಯೂರೋ ಬರೀ ಪರೀಕ್ಷೆಯ ಬಿಲ್ಲೆಗಳಿಗೇ ಹೋಯಿತು. ಗೂಡಿನ ಕರೆಂಟ್ ಲೆಕ್ಕ ಬೇರೆ.

ಆಮೇಲೆ ಗ್ಲೇಜನ್ನು ಒಂದೇ ರೆಸಿಪಿಗೆ ನಿಲ್ಲಿಸಿ ಮಣ್ಣನ್ನು ಬದಲಿಸುತ್ತ ಹೋದೆ. ಮಣ್ಣಿಗೆ ವೈಟಿಂಗ್ (ಸುಣ್ಣಕಲ್ಲಿನ ಪುಡಿ) ಹತ್ತರಿಂದ ಮೂವತ್ತು ಭಾಗದವರೆಗೆ ಬೆರೆಸಿ ನೋಡಿದೆ. ಇಪ್ಪತ್ತೈದರ ಆಸುಪಾಸಿನಲ್ಲಿ ಬಿರುಕು ನಿಂತೇ ಹೋಯಿತು. ಒಬ್ಬ ವ್ಯಾಪಾರಿ ಕೊಟ್ಟ ಪುಡಿ ದಪ್ಪ ಕಾಳಿನದು. ಬಿಸ್ಕೆಟ್ (ಗ್ಲೇಜ್ ಹಾಕುವ ಮುಂಚಿನ ಮೊದಲ ಸುಡುವಿಕೆ) ಆದ ಮೇಲೆ ಅದೇ ಕಾಳುಗಳು ಗಾಳಿಯ ತೇವ ಕುಡಿದು ಉಬ್ಬಿ, ಭುಜದ ಮೇಲೆ ಸಣ್ಣ ಸಣ್ಣ ಗುಳಿ ಎದ್ದವು. ನುಣ್ಣನೆಯ ಪುಡಿ ತಂದು, ಬಿಸ್ಕೆಟ್ಟನ್ನು 1000 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಆ ಕಾಟ ತಪ್ಪಿತು. ಗ್ಲೇಜ್ ಫೈರಿಂಗ್ 950ರ ಹತ್ತಿರ. ಗ್ಲೇಜ್ ಕರಗಲು ಬೇಕಾದ ಸೀಸಕ್ಕೆ ಸಿದ್ಧ ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) ಬಳಸಿದೆ. ಸೀಸ ವಿಷ. ಮಾಸ್ಕ್, ಒದ್ದೆ ಬಟ್ಟೆ ಇಲ್ಲದೆ ಅದರ ಡಬ್ಬಿ ತೆರೆಯಬೇಡಿ.

ನಡುವೆ ಒಂದು ಅಡ್ಡದಾರಿಯನ್ನೂ ಹಿಡಿದೆ. ಹಳೆಯ ಇಟಲಿಯ ಕುಂಬಾರರು ವೈನ್ ಪೀಪಾಯಿಯ ತಳದ ಗಸಿಯನ್ನು ಸುಟ್ಟು, ಆ ಬೂದಿಯನ್ನು ಮರಳಿನ ಜೊತೆ ಬೇಯಿಸಿ ಗ್ಲೇಜಿಗೆ ಹಾಕುತ್ತಿದ್ದರು. ಮಾರ್ಜಾಕೊಟ್ಟೊ ಎಂದರೆ ಅದೇ. ಪಕ್ಕದ ದ್ರಾಕ್ಷಿ ತೋಟದವರು ಒಂದು ಬಕೆಟ್ ಗಸಿ ಪುಕ್ಕಟೆ ಕೊಟ್ಟರು. ವಾಸನೆಗೆ ಸ್ಟುಡಿಯೊದವರೆಲ್ಲ ಬೈದರು, ಆದರೆ ಹೊಳಪು ಮಾತ್ರ ಮೆತ್ತಗೆ, ಬಹಳ ಚೆನ್ನಾಗಿ ಬಂತು. ಅಷ್ಟು ದೊಡ್ಡ ಶಿಲ್ಪಕ್ಕೆ ಪ್ರತಿ ಸಲ ಒಂದೇ ಥರ ಬರುತ್ತದೆಂಬ ಭರವಸೆ ಇರಲಿಲ್ಲ, ಹಾಗಾಗಿ ಅದನ್ನು ಕೈಬಿಟ್ಟೆ. ತವರದ ಬದಲು ಅಗ್ಗದ ಜಿರ್ಕಾನ್ ಹಾಕಿಯೂ ನೋಡಿದೆ. ಅದು ಬಚ್ಚಲುಮನೆ ಟೈಲ್ಸಿನ ಬಿಳಿ, ಬೇಡ.

ಶಿಲ್ಪದ ಭಂಗಿಗೆ ಆಧಾರ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚೌಕದ ಸಾನ್ ಪಾವೊಲೊ ಲಾಜಿಯಾದಲ್ಲಿರುವ (ಕಂಬಸಾಲಿನ ತೆರೆದ ಮೊಗಸಾಲೆ) ಕೃತಿ. ಅಲ್ಲಿ ಲೂಕಾನ ಅಣ್ಣನ ಮಗ ಆಂಡ್ರಿಯಾ, ಫ್ರಾನ್ಸಿಸ್ ಮತ್ತು ಡೊಮಿನಿಕ್ ಇಬ್ಬರೂ ಸಂತರು ತಬ್ಬಿಕೊಳ್ಳುವ ಹಾಗೆ ಮಾಡಿದ್ದಾನೆ. ನಾನು ಫ್ರಾನ್ಸಿಸ್‌ರೊಬ್ಬರನ್ನೇ ಸೊಂಟದವರೆಗೆ, ಅರವತ್ತು ಸೆಂಟಿಮೀಟರ್ ಎತ್ತರಕ್ಕೆ ತೆಗೆದುಕೊಂಡೆ. ಹಿಂಭಾಗವನ್ನು ಕೊರೆದು ಮಣ್ಣಿನ ದಪ್ಪವನ್ನು ಎಲ್ಲೆಡೆ ಎರಡೂವರೆ ಸೆಂಟಿಮೀಟರ್ ಮಾಡಿದೆ. ಹದ ಗಟ್ಟಿಯಾಗುವ ಮೊದಲೇ ತುಂಡು ಮಾಡಿದೆ. ಕತ್ತರಿಸುವ ಗೆರೆ ಎಲ್ಲಿ ಹೋಗಬೇಕು ಎನ್ನುವುದೇ ದೊಡ್ಡ ಕೆಲಸ. ಆ ಮನೆತನದವರ ಜೋಡಣೆಗಳನ್ನು ಹತ್ತಿರದಿಂದ ನೋಡಿ, ಬಟ್ಟೆಯ ಮಡಿಕೆಯಲ್ಲೋ ಕೈತೋಳಿನ ಅಂಚಿನಲ್ಲೋ ಅಡಗಿರುತ್ತವೆ. ನನ್ನದು ಸೊಂಟದ ಹಗ್ಗದ ಕೆಳಗೆ ಮತ್ತು ತೋಳಿನ ಬಾಯಲ್ಲಿ ಹಾಯ್ದಿದೆ. ಕುತ್ತಿಗೆಯ ತುಂಡನ್ನು ನಿಲುವಂಗಿಯ ಟೊಪ್ಪಿಗೆಯ ಒಳಗೆ ಹೇಗೆ ಕೂರಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಬಳಿಯೇ ಇರಲಿ.

ಜಾಸ್ತಿ ಕಾಡಿದ್ದು ಅಂಗೈ ಹಿಂಬದಿಯ ಗಾಯ. ಶಿಲುಬೆಯ ಮೇಲಿನ ಏಸುವಿನ ಗಾಯಗಳು ಫ್ರಾನ್ಸಿಸ್‌ರ ಮೈಮೇಲೂ ಮೂಡಿದವು ಎನ್ನುತ್ತಾರೆ. ಅವರ ಗುರುತೇ ಅದು, ಮೊಳೆಯ ಗಾಯವಿಲ್ಲದೆ ಅವರು ಯಾವುದೋ ಒಬ್ಬ ಸನ್ಯಾಸಿ ಅಷ್ಟೆ. ಮಣ್ಣಿನಲ್ಲಿ ಚೂಪಾಗಿ ಕೆತ್ತಿದ್ದು ಗ್ಲೇಜ್ ಕರಗಿದಾಗ ತುಂಬಿ ಹೋಗುತ್ತಿತ್ತು. ಉಗುರುಗಳೂ ಮಾಯ. ಕಣ್ಣಿನ ರೆಪ್ಪೆ, ತುಟಿಯ ಮೂಲೆ, ಗಾಯ ಇವನ್ನೆಲ್ಲ ಬೇಕಾದ್ದಕ್ಕಿಂತ ಎರಡು ಪಟ್ಟು ಆಳ ಕೆತ್ತಿದೆ. ಹಸಿ ಮಣ್ಣಿನಲ್ಲಿ ಮುಖ ಒರಟಾಗಿ, ಮುದುಕರ ಹಾಗೆ ಕಾಣುತ್ತಿತ್ತು. ಮುಖಕ್ಕೆ ಗ್ಲೇಜನ್ನು ಹಾಲಿನಷ್ಟು ತೆಳ್ಳಗೆ ಮಾಡಿ ಸುರಿದೆ, ನಿಲುವಂಗಿಗೆ ದಪ್ಪ. ಗೂಡು ತೆರೆದಾಗ ಗಾಯದ ಸುತ್ತ ಗ್ಲೇಜ್ ಸರಿದು ನಿಂತಿತ್ತು, ಒಳಗೆ ಮಸುಕು ನೆರಳು. ರಿಪೇರಿ ಕೆಲಸ ಮಾಡುವ ಸ್ನೇಹಿತೆಯೊಬ್ಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆ ಹಿರಿಯ ಕುಂಬಾರರು ಮಣ್ಣಿನ ಲೆಕ್ಕ ಕೇಳಿದರು. ಕೊಟ್ಟೆ.

ನೀಲಿ ಹಿನ್ನೆಲೆಗೆ ಕೋಬಾಲ್ಟ್ ಒಂದೂವರೆ ಭಾಗದಷ್ಟು, ಜೊತೆಗೆ ಚೂರು ಮ್ಯಾಂಗನೀಸ್. ಬರೀ ಕೋಬಾಲ್ಟ್ ಕಣ್ಣಿಗೆ ಚುಚ್ಚುತ್ತದೆ. ಜೊತೆಗೆ ಇನ್ನೊಂದು ವಸ್ತು ಹಾಕಿದ್ದೇನೆ, ಅದು ಮುಂದಿನ ಶಿಲ್ಪ ಮುಗಿಯುವವರೆಗೆ ಗುಟ್ಟು.

ಒಟ್ಟು ಖರ್ಚು ಎರಡೂವರೆ ಸಾವಿರ ಯೂರೋ ಸುತ್ತಮುತ್ತ. ಮೂರೂವರೆಗೆ ಕೇಳಿದವರಿದ್ದಾರೆ, ಇನ್ನೂ ಕೊಟ್ಟಿಲ್ಲ.

ಕೂರಿಸುವಾಗ ಮಾತ್ರ ಬಹಳ ಹುಷಾರಾಗಿದ್ದೆ. 2008ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಆಂಡ್ರಿಯಾ ಮಾಡಿದ ಸಂತ ಮೈಕೆಲ್ ಶಿಲ್ಪ ರಾತ್ರಿ ಗೋಡೆಯಿಂದ ಕಳಚಿ ಬಿದ್ದು ಒಡೆದಿತ್ತು. ಹಾಗಾಗಿ ನನ್ನ ಪ್ರತಿ ತುಂಡಿಗೂ ಬೇರೆ ಬೇರೆ ಸ್ಟೀಲ್ ಕೊಕ್ಕೆ, ಕೆಳಗೆ ಆನಿಸಲು ಪಟ್ಟಿ. ಒಂದು ಕೊಕ್ಕೆ ಸಡಿಲಾದರೂ ಉಳಿದ ತುಂಡುಗಳು ಅಲ್ಲಾಡುವುದಿಲ್ಲ.