ಟೀ ಶರ್ಟಿನ ಬಟ್ಟೆ ಎಷ್ಟು ತೂಕದ್ದಿರಬೇಕು?

ಟೀ ಶರ್ಟು ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಎದೆಯ ಅಳತೆ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಬಟ್ಟೆಯ ತೂಕವನ್ನು ಮಾತ್ರ ವಿಚಾರಿಸುವುದಿಲ್ಲ. ಒಂದೇ ಅಳತೆಯ ಎರಡು ಅಂಗಿಗಳಲ್ಲಿ ಒಂದು ಮೈಗೆ ಅಂಟಿಕೊಂಡು ಹೊಟ್ಟೆಯನ್ನು ಎತ್ತಿ ತೋರಿಸಿದರೆ, ಇನ್ನೊಂದು ಭುಜದಿಂದ ನೇರವಾಗಿ ಇಳಿದು ಅದೇ ಹೊಟ್ಟೆಯನ್ನು ಮರೆಸುತ್ತದೆ. ಇದಕ್ಕೆ ಬಹುಮಟ್ಟಿಗೆ ಬಟ್ಟೆಯ ತೂಕವೇ ಕಾರಣ. ಕಾರವಾರದ ಬೆವರಿಗೆ ಹೊಂದುವ ಅಂಗಿ ಶಿರಸಿಯ ಜನವರಿ ಮುಂಜಾವಿಗೆ ಸಾಲದು ಎಂಬ ಕಾರಣಕ್ಕೂ ಈ ಲೆಕ್ಕ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ತಿಳಿದಿರಬೇಕು.

ಮೊದಲು ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಜಿಎಸ್‌ಎಂ. ಸ್ಥೂಲವಾಗಿ ಹೇಳುವುದಾದರೆ 150ಕ್ಕಿಂತ ಕೆಳಗಿನದು ತೆಳು, 160ರಿಂದ 190ರವರೆಗಿನದು ಮಧ್ಯಮ, 200 ದಾಟಿದ್ದು ದಪ್ಪ. ಈಗ ಹುಡುಗರು ತೊಡುವ ಸಡಿಲವಾದ ಓವರ್‌ಸೈಜ್ ಅಂಗಿಗಳು ಸಾಮಾನ್ಯವಾಗಿ 220ರಿಂದ 240ರ ಆಸುಪಾಸಿನಲ್ಲಿರುತ್ತವೆ. ತಿರುಪ್ಪೂರಿನಿಂದ ಸಗಟಾಗಿ ತರಿಸುವವರು ಈ ಸಂಖ್ಯೆ ಹೇಳಿಯೇ ಮಾತು ಶುರು ಮಾಡುತ್ತಾರೆ. ಚಿಲ್ಲರೆ ಅಂಗಡಿಯಲ್ಲಿ ಅದು ಚೀಟಿಯ ಮೇಲೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಸಂಖ್ಯೆ ಬರೆದಿಲ್ಲವೆಂದು ಕೈ ಬಿಡಬೇಕಾಗಿಲ್ಲ. ನಿಮಗೆ ಚೆನ್ನಾಗಿ ಒಪ್ಪುತ್ತಿದ್ದು ಈಗ ಹರಿದುಹೋದ ಹಳೆಯ ಟೀ ಶರ್ಟೊಂದನ್ನು ಹುಡುಕಿ, ಹೊಲಿಗೆ, ಅಚ್ಚು ಯಾವುದೂ ಇಲ್ಲದ ಬೆನ್ನಿನ ಭಾಗವನ್ನು ಮೇಜಿನ ಮೇಲೆ ಎಳೆಯದೆ ಹಾಸಿ, ಉದ್ದ ಅಗಲ ಎರಡೂ ಸರಿಯಾಗಿ 10 ಸೆಂಟಿಮೀಟರ್ ಇರುವಂತೆ ಒಂದು ಚೌಕ ಕತ್ತರಿಸಿಕೊಳ್ಳಿ. ಹೆಣೆದ ಬಟ್ಟೆಯಾದ್ದರಿಂದ ಕತ್ತರಿಸಿದ ಕೂಡಲೇ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಹೆದರಬೇಡಿ, ತೂಕಕ್ಕೆ ಅದರಿಂದ ಬಾಧೆಯಿಲ್ಲ. ಅಡುಗೆಮನೆಯ ತಕ್ಕಡಿಗೆ ಇಷ್ಟು ಹಗುರಾದದ್ದು ಗೊತ್ತಾಗುವುದಿಲ್ಲ. ಪರಿಚಯದ ಶೇಟರ ಚಿನ್ನದಂಗಡಿಗೆ ಒಯ್ದು ತೂಗಿಸಿ, ಬಂದ ಗ್ರಾಂ ಸಂಖ್ಯೆಯನ್ನು 100ರಿಂದ ಗುಣಿಸಿ. 1.8 ಗ್ರಾಂ ಬಂದರೆ ನಿಮ್ಮ ಬಟ್ಟೆ 180 ಜಿಎಸ್‌ಎಂ. ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ. ಅಲ್ಲಿ 100 ಚದರ ಸೆಂಟಿಮೀಟರಿನ ದುಂಡನೆಯ ತುಂಡನ್ನು ಕತ್ತರಿಸಲು ಬೇರೆ ಉಪಕರಣವೇ ಇರುತ್ತದೆ, ಅಷ್ಟೇ.

ಮುಂದಿನ ಹಂತ ಬಟ್ಟೆ ಹೇಗೆ ಇಳಿಬೀಳುತ್ತದೆ ಎಂಬುದನ್ನು ನೋಡುವುದು. ಅಂಗಿಯನ್ನು ಭುಜದ ಹೊಲಿಗೆಗಳೆರಡರಲ್ಲಿ ಹಿಡಿದು ತೂಗುಬಿಡಿ. ತೆಳು ಬಟ್ಟೆ ಸಣ್ಣ ಸಣ್ಣ ನಿರಿಗೆಗಳಾಗಿ ಕುಸಿಯುತ್ತದೆ, ಮಧ್ಯಮದ್ದು ನೇರ ಇಳಿಯುತ್ತದೆ, ದಪ್ಪನೆಯದು ಹಲಗೆಯಂತೆ ತನ್ನ ಆಕಾರದಲ್ಲೇ ನಿಲ್ಲುತ್ತದೆ. ಮೈಮೇಲೂ ನಡೆಯುವುದು ಇದೇ. ತೆಳು ಬಟ್ಟೆ ಮೈಯ ಉಬ್ಬುತಗ್ಗುಗಳನ್ನೆಲ್ಲ ಹೇಳಿಬಿಡುತ್ತದೆ, ಬಿಳಿಯದಾದರೆ ಒಳಗಿನ ಬನಿಯನ್ನಿನ ಅಂಚನ್ನೂ ತೋರಿಸುತ್ತದೆ. ದಪ್ಪ ಬಟ್ಟೆ ಮೈಯಿಂದ ದೂರ ನಿಂತು ಸಣಕಲು ದೇಹಕ್ಕೆ ಸ್ವಲ್ಪ ಅಗಲ ಕೊಡುತ್ತದೆ. ಆದರೆ ಅದನ್ನು ಬಿಗಿಯಾದ ಅಳತೆಯಲ್ಲಿ ಹೊಲಿದರೆ ಕಂಕುಳಲ್ಲಿ ಗಂಟುಗಟ್ಟಿ, ತೋಳೆತ್ತಲು ತೊಡಕಾಗುತ್ತದೆ. ಆದ್ದರಿಂದ ಬಿಗಿ ಅಳತೆಗೆ 160ರ ಸುತ್ತಿನದು, ಸಡಿಲ ಅಳತೆಗೆ 200ರ ಮೇಲಿನದು ಎಂಬುದು ನನ್ನ ಲೆಕ್ಕ.

ತೂಕ ಹೆಚ್ಚಿದರೆ ಗುಣಮಟ್ಟವೂ ಹೆಚ್ಚು ಎಂದು ತಿಳಿಯುವುದು ತಪ್ಪು. ಒರಟು ನೂಲನ್ನು ಒತ್ತಾಗಿ ಹೆಣೆದರೂ ತೂಕ ಬರುತ್ತದೆ. ನೂಲಿನ ಕೌಂಟ್ ಸಂಖ್ಯೆ ಏರಿದಷ್ಟೂ ನೂಲು ಸಣ್ಣದಾಗುವುದರಿಂದ, ಕೋಂಬ್ಡ್ (ಗಿಡ್ಡ ಎಳೆಗಳನ್ನು ಬಾಚಿ ತೆಗೆದ) ಹತ್ತಿಯೇ, ಕೌಂಟ್ ಎಷ್ಟು ಎಂದು ಕೇಳುವುದು ಒಳ್ಳೆಯದು. ನಮ್ಮ ಊರಿನ ವಾಲಿಬಾಲ್ ತಂಡಕ್ಕೆ ಒಮ್ಮೆ ಕೈಗೆ ಗಟ್ಟಿಯಾಗಿದೆಯೆಂಬ ಒಂದೇ ಕಾರಣಕ್ಕೆ 240ರ ಹತ್ತಿ ಅಂಗಿಗಳನ್ನು ನಾನೇ ಆರಿಸಿದ್ದೆ. ಮೇ ತಿಂಗಳ ಅಂಕೋಲೆಯಲ್ಲಿ ಮೊದಲ ಸೆಟ್ ಮುಗಿಯುವಷ್ಟರಲ್ಲಿ ಅವು ಬೆವರು ಕುಡಿದು ಒದ್ದೆ ಗೋಣಿಯಂತಾದವು, ಹುಡುಗರು ಅಂಗಿ ಕಳಚಿಟ್ಟು ಬನಿಯನ್ನಿನಲ್ಲೇ ಆಡಿದರು.

ಅಳತೆ ತೀರ್ಮಾನಿಸುವ ಮುನ್ನ ಕುಗ್ಗುವಿಕೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ಉದ್ದದಲ್ಲಿ ಶೇಕಡಾ 5ರಷ್ಟು ಕುಗ್ಗಿದರೂ 28 ಇಂಚಿನ ಅಂಗಿ ಹೆಚ್ಚುಕಡಿಮೆ ಒಂದೂವರೆ ಇಂಚು ಕಳೆದುಕೊಳ್ಳುತ್ತದೆ. ಅಗಲದಲ್ಲೂ ಅಷ್ಟೇ ಕುಗ್ಗಿದರೆ ಅದೇ ನೂಲು ಕಡಿಮೆ ಜಾಗದಲ್ಲಿ ಸೇರಿಕೊಂಡು 160ರ ಬಟ್ಟೆ 177ರ ಹತ್ತಿರ ತೂಗುತ್ತದೆ. ಶೇಟರ ತಕ್ಕಡಿಯಲ್ಲಿ ಹಳೆಯ ಅಂಗಿ ತುಸು ಹೆಚ್ಚು ತೋರಿಸಿದರೆ ಈ ಕಾರಣವನ್ನು ನೆನಪಿಡಿ.

ಕೊನೆಯದಾಗಿ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ 200 ದಾಟಿದ ಹತ್ತಿ ಅಂಗಿ ಒಂದು ದಿನಕ್ಕೆ ಒಣಗುವುದು ಕಷ್ಟ. ಬೆನ್ನು ಒಣಗಿದಂತೆ ಕಂಡರೂ ಕಂಕುಳ ಹೊಲಿಗೆ, ಕೊರಳಪಟ್ಟಿಗಳಲ್ಲಿ ತೇವ ಉಳಿದು ವಾಸನೆ ಹಿಡಿಯುತ್ತದೆ. ಆ ನಾಲ್ಕು ತಿಂಗಳಿಗೆ 150–160ರವನ್ನು ಇಟ್ಟುಕೊಳ್ಳಿ. ದಪ್ಪನೆಯದನ್ನು ಒಗೆಯಲೇಬೇಕಾದರೆ ನೀರು ಚೆನ್ನಾಗಿ ಹಿಂಡಿ, ಒಳಮೈ ಹೊರಗೆ ಮಾಡಿ, ಹ್ಯಾಂಗರಿಗೆ ಹಾಕದೆ ಅಂಗಿಯ ಎದೆಯ ಭಾಗ ಹಗ್ಗದ ಮೇಲೆ ಬರುವಂತೆ ಮಡಚಿ ಹರವಿ. ಹ್ಯಾಂಗರಿನಲ್ಲಿ ತೂಗಿದರೆ ನೀರಿನ ಭಾರಕ್ಕೆ ಭುಜ ಜಗ್ಗುತ್ತದೆ, ಕೊರಳು ಸಡಿಲಾಗುತ್ತದೆ. ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಒಣಗಿಸುವ ಮನೆಯವರು ಕಂಕುಳ ಹೊಲಿಗೆ ಒಲೆಯ ಕಡೆಗೆ ಬರುವಂತೆ ಹಾಕಿ, ರಾತ್ರಿ ಮಲಗುವ ಮುಂಚೆ ಒಮ್ಮೆ ಮಗುಚಿ ಹಾಕಬೇಕು.